ರಿಮೋಟ್ ಒತ್ತಿದರೂ ಟಿ.ವಿ. ಕೇಳಿಸಿಕೊಳ್ಳದಿದ್ದರೆ

ಕಡೂರು, ಬೀರೂರು ಸುತ್ತಿನ ಊರುಗಳಲ್ಲಿ ಪೂರ್ವಕ್ಕೆ ಬಾಗಿಲಿಟ್ಟ ಮನೆಗಳು ಬೇಕಾದಷ್ಟಿವೆ. ಹೊಸ್ತಿಲು ದಾಟಿದರೆ ನಡುಮನೆ, ಬಾಗಿಲಿಗೆ ಎದುರಾದ ಗೋಡೆಯ ಮೇಲೆ ಟಿ.ವಿ. ಬೇಸಿಗೆಯಲ್ಲಿ ಬೆಳಗ್ಗೆ ಏಳರಿಂದ ಒಂಬತ್ತರ ತನಕ ಬಿಸಿಲು ನೇರವಾಗಿ ಅದರ ಮೈಮೇಲೆ ಬೀಳುತ್ತದೆ. ಇಂಥ ಮನೆಗಳಲ್ಲಿ ಕೇಳಿಬರುವ ದೂರು ಒಂದೇ ಬಗೆಯದು: ಬೆಳಗಿನ ಹೊತ್ತು ರಿಮೋಟ್ ಎಷ್ಟು ಒತ್ತಿದರೂ ಚಾನೆಲ್ ಬದಲಾಗುವುದಿಲ್ಲ, ಹೊಸ ಸೆಲ್ ಹಾಕಿದರೂ ಅಷ್ಟೇ. ಸಂಜೆಯಾದರೆ ಅದೇ ರಿಮೋಟ್, ಹಳೇ ಸೆಲ್ಲಿನಲ್ಲೇ, ಕೋಣೆಯ ಆ ತುದಿಯಿಂದಲೂ ಕೆಲಸ ಮಾಡುತ್ತದೆ. ರಿಮೋಟ್ ಹೋಯಿತೆಂದು ಪೇಟೆಯಿಂದ ಹೊಸದು ತಂದವರಿದ್ದಾರೆ. ಟಿ.ವಿ.ಯನ್ನೇ ಇಳಿಸಿ ರಿಪೇರಿಗೆ ಹೊತ್ತವರೂ ಇದ್ದಾರೆ. ಎರಡೂ ಬೇಕಿರಲಿಲ್ಲ.

ಈ ದೂರಿಗೆ ಉತ್ತರ ಟಿ.ವಿ.ಯ ಕೆಳ ಅಂಚಿನಲ್ಲಿ ಕೂತಿರುವ ಒಂದು ಬಿಡಿಭಾಗದಲ್ಲಿದೆ. ಬಟಾಣಿ ಕಾಳಿನಷ್ಟು ಗಾತ್ರ, ಕರಿ ಬಣ್ಣ, ಎದುರಿಗೆ ಸಣ್ಣ ಉಬ್ಬು, ಕೆಳಗೆ ಮೂರು ಕಾಲು. ರಿಪೇರಿ ಅಂಗಡಿಗಳಲ್ಲಿ ಇದನ್ನು ಬರೀ ‘ಸೆನ್ಸರ್’ ಅನ್ನುತ್ತಾರೆ, ಇಲ್ಲವೇ ‘ಐಆರ್ ಸೆನ್ಸರ್’. ತಯಾರಕರ ಲೆಕ್ಕದಲ್ಲಿ ಅದು ಅವಕೆಂಪು ಗ್ರಾಹಕ ಮಾಡ್ಯೂಲ್. ಬಿಡಿಯಾಗಿ ಕೊಂಡರೆ ಹತ್ತಿಪ್ಪತ್ತು ರೂಪಾಯಿ, ಹೆಸರಾದ ಕಂಪನಿಯದಾದರೆ ಇನ್ನೊಂದಿಷ್ಟು. ಅದರ ಒಳಗಿನ ಏರ್ಪಾಡಿನಲ್ಲಿ ಬಹುಪಾಲು ಇರುವುದು ಬೇಡವಾದ ಬೆಳಕನ್ನು ನಿರಾಕರಿಸುವುದಕ್ಕೆ. ರಿಮೋಟಿನ ಬೆಳಕನ್ನು ಹಿಡಿಯುವ ಕೆಲಸ ಅದರ ಮುಂದೆ ಸುಲಭ. ಈ ಸಂಗತಿ ತಿಳಿದವರಿಗೆ ದೋಷ ಎಲ್ಲಿದೆಯೆಂದು ಕಂಡುಕೊಳ್ಳುವುದು ಕಷ್ಟವಾಗುವುದಿಲ್ಲ.

ಮನೆಯಲ್ಲಿ ಇಂಥವು ಎಷ್ಟಿವೆ ಎಂದು ಹುಡುಕಿ ನೋಡಿ. ಟಿ.ವಿ.ಯಲ್ಲಿ ಒಂದು. 2017ರ ಸುಮಾರಿಗೆ ಸಣ್ಣ ಊರು, ಹಳ್ಳಿಗಳ ಕೇಬಲ್ ಕೂಡ ಡಿಜಿಟಲ್ ಆಗಲೇಬೇಕಾದಾಗ ಮನೆಮನೆಗೆ ಬಂದ ಸೆಟ್ ಟಾಪ್ ಬಾಕ್ಸಿನಲ್ಲಿ, ಇಲ್ಲವೇ ಡಿಶ್ಶಿನ ಬಾಕ್ಸಿನಲ್ಲಿ ಇನ್ನೊಂದು. ಕರೆಂಟು ಉಳಿಸುವ ಹೊಸ ಬಿಎಲ್‌ಡಿಸಿ ಫ್ಯಾನಿನ ಹೊಟ್ಟೆಯಲ್ಲಿ ಮತ್ತೊಂದು. ಹಾಡು ಕೇಳುವ ಹೋಮ್ ಥಿಯೇಟರಿನಲ್ಲಿ, ಅಂಗಡಿಯ ಎ.ಸಿ.ಯಲ್ಲಿ ಕೂಡ ಇವೇ. ಕೆಲಸ ಎಲ್ಲೆಡೆ ಒಂದೇ, ದೋಷಗಳೂ ಹೆಚ್ಚುಕಡಿಮೆ ಒಂದೇ.

ರಿಮೋಟಿನಿಂದ ಹೊರಡುವುದೇನು?

ರಿಮೋಟಿನ ಮೂಗಿನಲ್ಲಿರುವ ಎಲ್‌ಇಡಿ ಹೊಮ್ಮಿಸುವ ಬೆಳಕಿನ ತರಂಗಾಂತರ ಸುಮಾರು 940 ನ್ಯಾನೊಮೀಟರ್. ನಮ್ಮ ಕಣ್ಣು 700 ದಾಟಿದ ಮೇಲೆ ಬಹುಮಟ್ಟಿಗೆ ಕುರುಡು; ಅದರಾಚೆಯ ಬೆಳಕೇ ಅವಕೆಂಪು. ಸಿಲಿಕಾನ್ ಹಾಗಲ್ಲ. ಸುಮಾರು 1100 ನ್ಯಾನೊಮೀಟರಿನವರೆಗಿನ ಬೆಳಕು ತಗುಲಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಸೆನ್ಸರಿನೊಳಗಿನ ಫೋಟೊಡಯೋಡ್ ಸಿಲಿಕಾನಿನದು, ಮೊಬೈಲ್ ಕ್ಯಾಮೆರಾದ ಚಿಪ್ಪೂ ಸಿಲಿಕಾನಿನದು. ರಿಮೋಟಿನ ಮೂಗನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿದರೆ ಪರದೆಯ ಮೇಲೆ ನೇರಳೆ ಬಿಳುಪಿನ ಮಿನುಗು ಕಾಣುವುದು ಈ ಕಾರಣಕ್ಕೆ. ಕೆಲವು ಫೋನುಗಳ ಹಿಂಬದಿ ಕ್ಯಾಮೆರಾದಲ್ಲಿ ಅವಕೆಂಪನ್ನು ತಡೆಯುವ ಗಾಜು ಗಟ್ಟಿಯಾಗಿರುತ್ತದೆ. ಅಲ್ಲಿ ಏನೂ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಬೇಕು.

940ನ್ನೇ ಆರಿಸಿಕೊಳ್ಳುವುದರಲ್ಲಿ ಒಂದು ಲಾಭವಿದೆ. ಗಾಳಿಯಲ್ಲಿರುವ ನೀರಾವಿ ಆ ಆಸುಪಾಸಿನ ಸೂರ್ಯನ ಬೆಳಕನ್ನು ಸಾಕಷ್ಟು ಹೀರಿಕೊಳ್ಳುತ್ತದೆ. ನೆಲಕ್ಕೆ ತಲುಪುವ ಬಿಸಿಲಿನಲ್ಲಿ ಆ ಜಾಗದಲ್ಲಿ ಒಂದು ತಗ್ಗು ಇರುತ್ತದೆ, ರಿಮೋಟ್ ಆ ತಗ್ಗಿನಲ್ಲಿ ಮಾತಾಡುತ್ತದೆ. ಹಾಗಿದ್ದೂ ಬಿಸಿಲಿನದೇ ಮೇಲುಗೈ. ನೆತ್ತಿಯ ಮೇಲಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತದೆ. ಸೆನ್ಸರಿಗೆ ರಿಮೋಟಿನ ಆಜ್ಞೆ ಗೊತ್ತಾಗಲು ಬೇಕಾಗುವುದು ಚದರ ಮೀಟರಿಗೆ ಅರ್ಧ ಮಿಲಿವ್ಯಾಟಿಗಿಂತ ಕಡಿಮೆ. ಬೆಳಗಿನ ಓರೆ ಬಿಸಿಲನ್ನು ಅರ್ಧಕ್ಕಿಳಿಸಿ ಲೆಕ್ಕ ಹಾಕಿದರೂ ಅಂತರ ಹತ್ತು ಲಕ್ಷ ಪಟ್ಟಿನ ಹತ್ತಿರ. ಅದರಲ್ಲಿ ಸೆನ್ಸರಿನ ಕರಿ ಮೈಯನ್ನು ದಾಟಿ ಒಳಹೋಗುವ ಪಾಲು ಸಣ್ಣದು, ಆದರೂ ರಿಮೋಟಿನ ಬೆಳಕಿನ ಮುಂದೆ ಅದು ತುಂಬ ದೊಡ್ಡದೇ.

ಈ ಸಮಸ್ಯೆ ಹೊಸದೇನೂ ಅಲ್ಲ. ಅಮೆರಿಕದ ಜೆನಿತ್ ಕಂಪನಿ 1955ರಲ್ಲಿ ಯೂಜೀನ್ ಪಾಲಿ ರೂಪಿಸಿದ ‘ಫ್ಲ್ಯಾಶ್‌ಮ್ಯಾಟಿಕ್’ ರಿಮೋಟನ್ನು ಮಾರುಕಟ್ಟೆಗೆ ಬಿಟ್ಟಿತು. ಟಿ.ವಿ. ಪರದೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೆಳಕಿನ ಕಣ್ಣು, ಕೈಯಲ್ಲೊಂದು ಟಾರ್ಚು. ಯಾವ ಮೂಲೆಗೆ ಟಾರ್ಚು ಬಿಡುತ್ತೀರೋ ಆ ಕೆಲಸ ನಡೆಯುತ್ತಿತ್ತು. ಕಿಟಕಿಯಿಂದ ಬಿಸಿಲು ಬಿದ್ದರೆ ಟಿ.ವಿ. ತಾನಾಗಿಯೇ ಚಾನೆಲ್ ಬದಲಿಸುತ್ತಿತ್ತು, ಏಕೆಂದರೆ ಅದಕ್ಕೆ ಬೆಳಕು ಬೆಳಕಿನ ನಡುವೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮರುವರ್ಷ ಅದೇ ಕಂಪನಿಯ ರಾಬರ್ಟ್ ಆಡ್ಲರ್ ಬೆಳಕನ್ನೇ ಬಿಟ್ಟು, ಕಿವಿಗೆ ಕೇಳಿಸದಷ್ಟು ಹೆಚ್ಚು ಆವೃತ್ತಿಯ ಶಬ್ದದಿಂದ ನಡೆಯುವ ‘ಸ್ಪೇಸ್ ಕಮಾಂಡ್’ ತಂದರು. ಅಲ್ಯೂಮಿನಿಯಂ ಸರಳಿಗೆ ಪುಟ್ಟ ಸುತ್ತಿಗೆ ಬಡಿಯುತ್ತಿತ್ತು, ಸೆಲ್ಲೇ ಬೇಕಿರಲಿಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ ಶಬ್ದದ ರಿಮೋಟುಗಳು ಬಾಳಿದವು. ಆಮೇಲೆ ಬೆಳಕು ಮರಳಿ ಬಂದಾಗ ಅದು ಫ್ಲ್ಯಾಶ್‌ಮ್ಯಾಟಿಕ್ಕಿನ ಹಾಗೆ ಸುಮ್ಮನೆ ಬೆಳಗುತ್ತಿರಲಿಲ್ಲ, ಒಂದು ನಿರ್ದಿಷ್ಟ ವೇಗದಲ್ಲಿ ಮಿಡಿಯುತ್ತಿತ್ತು.

38ರ ಗುಟ್ಟು ಮತ್ತು ಭದ್ರಾವತಿ ರೇಡಿಯೊ

ರಿಮೋಟಿನ ಎಲ್‌ಇಡಿ ಸೆಕೆಂಡಿಗೆ 38,000 ಸಲ ಹತ್ತಿ ಆರುತ್ತದೆ. ಇದೇ 38 ಕಿಲೋಹರ್ಟ್ಸ್. ಬಿಸಿಲು ಮಿಡಿಯುವುದಿಲ್ಲ, ಒಂದೇ ಸಮ ಸುರಿಯುತ್ತದೆ. ಹಳೇ ಬುರುಡೆ ಬಲ್ಬು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ನಮ್ಮ ಮೆಸ್ಕಾಂ ಕರೆಂಟು 50 ಹರ್ಟ್ಸಿನದಾದ್ದರಿಂದ. ಒಲೆಯ ಬೆಂಕಿ ನಿಧಾನವಾಗಿ ಅಲುಗುತ್ತದೆ. ಇವುಗಳಲ್ಲಿ ಯಾವ ಬೆಳಕೂ ಸೆಕೆಂಡಿಗೆ 38,000 ಸಲ ಮಿಡಿಯುವುದಿಲ್ಲ. ಆ ವೇಗದ ಮಿಡಿತವನ್ನು ಮಾತ್ರ ಕೇಳಿಸಿಕೊಂಡು ಉಳಿದದ್ದನ್ನೆಲ್ಲ ಬಿಟ್ಟುಬಿಟ್ಟರೆ ಕೆಲಸವಾಯಿತು. ಅಮೃತಮಹಲ್ ತಳಿಗೆ ಹೆಸರಾದ ಅಜ್ಜಂಪುರದ ಕಡೆಯವರಿಗೆ ಇದು ಹೊಸ ಮಾತಲ್ಲ: ದನಗಳ ಜಾತ್ರೆಯ ಗದ್ದಲದಲ್ಲಿ ನೂರು ಗಂಟೆಗಳ ನಡುವೆ ಒಡೆಯನ ಕಿವಿ ತನ್ನ ಎತ್ತಿನ ಕೊರಳಗಂಟೆಯನ್ನಷ್ಟೇ ಹಿಡಿಯುತ್ತದೆ.

ಆದರೆ 38 ಏಕೆ? 35 ಆಗಬಹುದಿತ್ತು, 45 ಆಗಬಹುದಿತ್ತು. ಇದರ ಹಿಂದಿರುವ ಕಾರಣ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ತಾಲ್ಲೂಕುಗಳ ಹಿರಿಯರಿಗೆ ಪರಿಚಯವಿರುವ ಒಂದು ಪೆಟ್ಟಿಗೆಯಲ್ಲಿದೆ. ಭದ್ರಾವತಿ ಆಕಾಶವಾಣಿ ಮೀಡಿಯಂ ವೇವಿನಲ್ಲಿ 675 ಕಿಲೋಹರ್ಟ್ಸಿನಲ್ಲಿ ಬರುತ್ತಿತ್ತು. ತರೀಕೆರೆಯ ಅಡಿಕೆ ತೋಟದಲ್ಲಿ, ಕಡೂರಿನ ತೆಂಗಿನ ತೋಟದಲ್ಲಿ ರೇಡಿಯೊ ಮುಳ್ಳನ್ನು ಅಲ್ಲಿಗೆ ತಿರುಗಿಸಿದಾಗ ರೇಡಿಯೊದ ಒಳಗೆ 1130 ಕಿಲೋಹರ್ಟ್ಸಿನ ಇನ್ನೊಂದು ಅಲೆ ತಯಾರಾಗುತ್ತಿತ್ತು. ಎರಡನ್ನೂ ಬೆರೆಸಿದರೆ ಉಳಿಯುವ ವ್ಯತ್ಯಾಸ 455. ನೀವು ಭದ್ರಾವತಿ ಹಿಡಿಯಿರಿ, ಬೆಂಗಳೂರು ಹಿಡಿಯಿರಿ, ಮೀಡಿಯಂ ವೇವಿನ ಯಾವ ನಿಲಯವನ್ನೇ ಹಿಡಿಯಿರಿ, ಸಾಮಾನ್ಯ ರೇಡಿಯೊ ಅದನ್ನು 455ಕ್ಕೆ ಇಳಿಸಿಕೊಂಡೇ ಸೋಸಿ, ಹಿಗ್ಗಿಸಿ ಕೇಳಿಸುತ್ತದೆ. ಆದ್ದರಿಂದ 455 ಕಿಲೋಹರ್ಟ್ಸಿಗೆ ಹೊಂದಿಸಿದ ಸಿರಾಮಿಕ್ ಬಿಡಿಭಾಗಗಳು ಜಗತ್ತಿನಲ್ಲಿ ರಾಶಿರಾಶಿಯಾಗಿ, ಅಗ್ಗವಾಗಿ ತಯಾರಾಗುತ್ತಿದ್ದವು. ರಿಮೋಟ್ ತಯಾರಕರಿಗೆ ತಾಳ ಹಾಕಲು ಅಗ್ಗದ ಒಂದು ರೆಸೊನೇಟರ್ ಬೇಕಿತ್ತು. ರೇಡಿಯೊ ಕಾರ್ಖಾನೆಗಳಿಗಾಗಿ ಬೆಳೆದ ಸರಕು ಕೈಗೆಟುಕುವಂತಿತ್ತು. 455ನ್ನು 12ರಿಂದ ಭಾಗಿಸಿ, 37.9 ಬರುತ್ತದೆ. ಅದನ್ನೇ ನಾವು ಸುತ್ತಿ 38 ಎನ್ನುತ್ತೇವೆ.

ಇದನ್ನು ಮನೆಯಲ್ಲೇ ಕೇಳಿ ನೋಡಬಹುದು. ಹಳೇ ಮೀಡಿಯಂ ವೇವ್ ರೇಡಿಯೊ ಇದ್ದರೆ, ನಿಲಯವಿಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಅದಕ್ಕೆ ತಾಗಿಸಿದಂತೆ ರಿಮೋಟ್ ಹಿಡಿದು ಗುಂಡಿ ಒತ್ತಿ. ರೆಸೊನೇಟರ್ ಇರುವ ರಿಮೋಟಾದರೆ ರೇಡಿಯೊದಲ್ಲಿ ಬಿಟ್ಟುಬಿಟ್ಟು ಗರಗರ ಸದ್ದು ಬರುತ್ತದೆ. ಕ್ಯಾಮೆರಾ ಫೋನ್ ಬರುವ ಮುನ್ನ ರಿಪೇರಿ ಮಾಡುವವರು ರಿಮೋಟ್ ಬದುಕಿದೆಯೇ ಎಂದು ನೋಡುತ್ತಿದ್ದ ದಾರಿಗಳಲ್ಲಿ ಇದೂ ಒಂದು. ಈ ರೆಸೊನೇಟರ್ ಬಲು ನಾಜೂಕು. ಕೈಜಾರಿ ರಿಮೋಟ್ ರೆಡ್ ಆಕ್ಸೈಡ್ ನೆಲಕ್ಕೆ ಬಿದ್ದಾಗ ಮೊದಲು ಒಡೆಯುವುದು ಅದೇ. ಈಚಿನ ಅನೇಕ ರಿಮೋಟುಗಳಲ್ಲಿ ತಾಳ ಹಾಕುವ ಕೆಲಸ ಚಿಪ್ಪಿನೊಳಗೇ ನಡೆಯುವುದರಿಂದ ಆ ಭಯ ಕಡಿಮೆ.

ಎಲ್ಲರೂ 38ಕ್ಕೇ ಕಟ್ಟುಬಿದ್ದಿಲ್ಲ. ಫಿಲಿಪ್ಸ್ ತನ್ನ ಆರ್‌ಸಿ5 ಪದ್ಧತಿಗೆ 36 ಕಿಲೋಹರ್ಟ್ಸ್ ಇಟ್ಟುಕೊಂಡಿತು, ಸೋನಿ 40. 38ರ ಸೆನ್ಸರಿನ ಮುಂದೆ 36ರ ರಿಮೋಟ್ ಒತ್ತಿದರೆ ಹತ್ತಿರದಿಂದ ಕೆಲಸ ನಡೆಯುತ್ತದೆ, ದೂರ ಹೋದಂತೆ ನಿಲ್ಲುತ್ತದೆ. ರಿಪೇರಿಯಲ್ಲಿ ಸೆನ್ಸರ್ ಬದಲಿಸಿದ ಮೇಲೆ ‘ಮೊದಲಿನಷ್ಟು ದೂರದಿಂದ ಹಿಡಿಯುತ್ತಿಲ್ಲ’ ಎಂಬ ದೂರು ಬಂದರೆ ನೋಡಬೇಕಾದ ಮೊದಲ ಸಂಗತಿ ಇದು.

ಮಿಡಿತದೊಳಗಿನ ಮಾತು

38,000ದ ಮಿಡಿತ ಬರೀ ಗುರುತಿಗೆ. ಯಾವ ಗುಂಡಿ ಒತ್ತಿದ್ದು ಎಂಬ ಸುದ್ದಿ ಇರುವುದು ಆ ಮಿಡಿತವನ್ನು ಎಷ್ಟು ಹೊತ್ತು ನಡೆಸಿ, ಎಷ್ಟು ಹೊತ್ತು ನಿಲ್ಲಿಸುತ್ತಾರೆ ಎಂಬುದರಲ್ಲಿ. ಜಪಾನಿನ ಎನ್‌ಇಸಿ ಕಂಪನಿಯ ಪದ್ಧತಿ ಬಹಳ ಕಡೆ ಬಳಕೆಯಲ್ಲಿದೆ, ಅದನ್ನೇ ನೋಡೋಣ. ಮೊದಲು 9 ಮಿಲಿಸೆಕೆಂಡ್ ಒಂದೇ ಸಮ ಮಿಡಿತ, ಆಮೇಲೆ 4.5 ಮಿಲಿಸೆಕೆಂಡ್ ಮೌನ. ಇದು ‘ಗಮನ ಕೊಡಿ’ ಎಂದ ಹಾಗೆ. ಮುಂದೆ 32 ಬಿಟ್‌ಗಳು. ಪ್ರತಿ ಬಿಟ್ಟಿಗೂ 560 ಮೈಕ್ರೊಸೆಕೆಂಡ್ ಮಿಡಿತ, ಅಂದರೆ ಎಲ್‌ಇಡಿ ಸುಮಾರು 21 ಸಲ ಹತ್ತಿ ಆರುತ್ತದೆ. ಅದರ ಹಿಂದೆ ಅಷ್ಟೇ ಹೊತ್ತು ಮೌನವಿದ್ದರೆ ಅದು ಸೊನ್ನೆ, ಮೂರು ಪಟ್ಟು ಮೌನವಿದ್ದರೆ ಒಂದು.

32ರಲ್ಲಿ ಮೊದಲ ಎಂಟು ಬಿಟ್‌ಗಳು ವಿಳಾಸ: ಇದು ಯಾವ ಉಪಕರಣಕ್ಕೆ ಹೇಳಿದ್ದು ಎಂದು. ಮುಂದಿನ ಎಂಟು ಅದೇ ವಿಳಾಸದ ತಿರುವುಮುರುವು, ಸೊನ್ನೆ ಇದ್ದಲ್ಲಿ ಒಂದು, ಒಂದು ಇದ್ದಲ್ಲಿ ಸೊನ್ನೆ. ಆಮೇಲಿನ ಎಂಟು ಗುಂಡಿಯ ಸಂಖ್ಯೆ, ಕೊನೆಯ ಎಂಟು ಅದರ ತಿರುವುಮುರುವು. ಎರಡೂ ತಾಳೆಯಾಗದಿದ್ದರೆ ಟಿ.ವಿ. ಆ ಆಜ್ಞೆಯನ್ನು ಕಸಕ್ಕೆ ಹಾಕುತ್ತದೆ. ಹೀಗಾಗಿ ಕೆಟ್ಟ ಸುದ್ದಿಯನ್ನು ತಪ್ಪಾಗಿ ಓದಿ ಸುಮ್ಮಸುಮ್ಮನೆ ಚಾನೆಲ್ ಬದಲಿಸುವ ಸಂಭವ ತೀರಾ ಕಡಿಮೆ. ಬಿಸಿಲಿನಲ್ಲಿ ಟಿ.ವಿ. ಹುಚ್ಚಾಗಿ ವರ್ತಿಸದೆ ಸುಮ್ಮನೆ ಕೂರುವುದು ಈ ಶಿಸ್ತಿನಿಂದ. ಇಡೀ ಮಾತು ಮುಗಿಯಲು 70 ಮಿಲಿಸೆಕೆಂಡ್ ಸಾಕು.

ಪೇಟೆಯಲ್ಲಿ ಕೊಂಡ ರಿಮೋಟ್ ನೋಡಲು ಹಳೆಯದರಂತೆಯೇ ಇದ್ದೂ ಕೆಲಸ ಮಾಡದಿರುವುದಕ್ಕೆ ವಿಳಾಸ ಬೇರೆಯಾಗಿರುವುದೇ ಹೆಚ್ಚಿನ ಸಲ ಕಾರಣ. ಒಂದೇ ಅಚ್ಚಿನ ಪ್ಲಾಸ್ಟಿಕ್ ಕವಚದಲ್ಲಿ ಹತ್ತು ಕಂಪನಿಯ ಚಿಪ್ಪುಗಳು ಬರುತ್ತವೆ. ಅಂಗಡಿಯಲ್ಲಿ ಆಕಾರ ನೋಡಿ ಕೊಳ್ಳಬೇಡಿ, ಹಳೇ ರಿಮೋಟಿನ ಹಿಂಬದಿಯ ಸಂಖ್ಯೆ ಮತ್ತು ಟಿ.ವಿ. ಮಾದರಿಯ ಸಂಖ್ಯೆ ಎರಡನ್ನೂ ಬರೆದುಕೊಂಡು ಹೋಗಿ. ಡಿಶ್ ರಿಮೋಟುಗಳಲ್ಲಿ ಕೆಲವು ಟಿ.ವಿ. ರಿಮೋಟಿನ ಗುಂಡಿಯನ್ನು ‘ಕಲಿಯುತ್ತವೆ’; ಎರಡರ ಮೂಗನ್ನೂ ಎದುರುಬದುರು ಹಿಡಿದು ಒತ್ತಿದಾಗ ಒಂದು ಇನ್ನೊಂದರ ಮಿಡಿತ ಮೌನಗಳ ಅಳತೆಯನ್ನು ನೆನಪಿಟ್ಟುಕೊಳ್ಳುತ್ತದೆ, ಅಷ್ಟೇ. ಶಿಯೋಮಿಯ ಹಲವು ರೆಡ್ಮಿ ಫೋನುಗಳ ನೆತ್ತಿಯ ಮೇಲೂ ಒಂದು ಅವಕೆಂಪು ಎಲ್‌ಇಡಿ ಇದೆ. ರಿಮೋಟ್ ಕಳೆದುಹೋದ ದಿನ ಅದು ಆಪದ್ಬಂಧು.

ಕರಿ ಮೈಯ ಒಳಗೆ

ಈಗ ಸೆನ್ಸರಿನ ಒಳಗೆ ಹೋಗೋಣ. ಮೈ ಕರಿದಾಗಿರುವುದು ಅಂದಕ್ಕಲ್ಲ. ನಮ್ಮ ಕಣ್ಣಿಗೆ ಕಾಣುವ ಬೆಳಕನ್ನು ಅದು ತಡೆಯುತ್ತದೆ, ಅವಕೆಂಪಿಗೆ ಗಾಜಿನಷ್ಟೇ ಪಾರದರ್ಶಕ. ಟಿ.ವಿ. ಅಂಚಿನ ಕಪ್ಪು ಪ್ಲಾಸ್ಟಿಕ್ ಕಿಟಕಿಯೂ ಅಂಥದ್ದೇ. ಆ ಕಿಟಕಿ ಬಿದ್ದುಹೋದರೆ ಕಪ್ಪು ಇನ್ಸುಲೇಷನ್ ಟೇಪು ಅಂಟಿಸುವವರಿದ್ದಾರೆ. ಎರಡೂ ಕಪ್ಪೇ, ಆದರೆ ಟೇಪು ಅವಕೆಂಪನ್ನೂ ತಡೆಯುತ್ತದೆ.

ಕರಿ ಮೈ ದಾಟಿದ ಬೆಳಕು ಉಬ್ಬಿನಲ್ಲಿ ಮುದುಡಿ ಫೋಟೊಡಯೋಡಿಗೆ ಬೀಳುತ್ತದೆ. ಅಲ್ಲಿ ಹುಟ್ಟುವ ಕರೆಂಟು ಅತ್ಯಲ್ಪ, ಒಂದು ವರ್ಧಕ ಅದನ್ನು ಹಿಗ್ಗಿಸುತ್ತದೆ. ಮುಂದಿನದು ತನ್ನಷ್ಟಕ್ಕೆ ಹೆಚ್ಚುಕಡಿಮೆ ಮಾಡಿಕೊಳ್ಳುವ ನಿಯಂತ್ರಣ. ರಿಮೋಟ್ ಹತ್ತಿರವಿದ್ದರೆ ವರ್ಧನೆ ತಗ್ಗಿಸುತ್ತದೆ, ದೂರವಿದ್ದರೆ ಏರಿಸುತ್ತದೆ, ಎಡೆಬಿಡದೆ ಬರುವ ಮಿಡಿತ ಕಂಡರೆ ಅದನ್ನು ಗದ್ದಲವೆಂದು ತೀರ್ಮಾನಿಸಿ ಕಿವಿ ಮಂದ ಮಾಡಿಕೊಳ್ಳುತ್ತದೆ. ಆಮೇಲೆ 38ರ ಆಸುಪಾಸನ್ನು ಮಾತ್ರ ಬಿಡುವ ಸೋಸಕ. ಕೊನೆಗೆ 38,000ದ ಮಿಡಿತವನ್ನು ಅಳಿಸಿ, ಮಿಡಿತ ಇತ್ತೇ ಇಲ್ಲವೇ ಎಂಬುದನ್ನಷ್ಟೇ ಉಳಿಸುವ ಭಾಗ. ಹೊರಬರುವ ಕಾಲಿನಲ್ಲಿ ಸುಮ್ಮನಿರುವಾಗ ಪೂರ್ತಿ ವೋಲ್ಟೇಜ್ ಇರುತ್ತದೆ, ಮಿಡಿತ ಬಂದಾಗ ಸೊನ್ನೆಯ ಹತ್ತಿರಕ್ಕಿಳಿಯುತ್ತದೆ. ಹೀಗೆ ತಲೆಕೆಳಗಾಗಿರುವುದನ್ನು ಹೊಸಬರು ನೆನಪಿಟ್ಟುಕೊಳ್ಳಬೇಕು.

ಬಿಸಿಲು ಮಿಡಿಯುವುದಿಲ್ಲ ಅಂದಮೇಲೆ ಅದು ತೊಂದರೆ ಕೊಡುವುದು ಹೇಗೆ? ಫೋಟೊಡಯೋಡಿನಲ್ಲಿ ಬಿಸಿಲು ಹುಟ್ಟಿಸುವ ಕರೆಂಟು ಮೇಲ್ನೋಟಕ್ಕೆ ಸಮವಾಗಿದ್ದರೂ ಅದು ಒಂದೊಂದು ಎಲೆಕ್ಟ್ರಾನಾಗಿ ಉದುರುವ ಹರಿವು. ಉದುರುವ ಲಯದಲ್ಲಿ ಏರುಪೇರು ಇದ್ದೇ ಇರುತ್ತದೆ. ಹರಿವು ದೊಡ್ಡದಾದಷ್ಟೂ ಏರುಪೇರೂ ದೊಡ್ಡದು, ಅದರಲ್ಲಿ ಎಲ್ಲ ಆವೃತ್ತಿಗಳೂ ಬೆರೆತಿರುವುದರಿಂದ 38ರ ಪಾಲೂ ಇರುತ್ತದೆ. ಸೋಸಕಕ್ಕೆ ಅದನ್ನು ತಡೆಯಲಾಗದು. ಸೆನ್ಸರ್ ಆಗ ಕಿವಿ ಮಂದ ಮಾಡಿಕೊಳ್ಳುತ್ತದೆ, ಕೋಣೆಯ ಆ ತುದಿಯಿಂದ ಬರುವ ರಿಮೋಟಿನ ಬೆಳಕು ಆ ಗದ್ದಲದ ಮಟ್ಟಕ್ಕಿಂತ ಕೆಳಗೆ ಉಳಿಯುತ್ತದೆ. ಟಿ.ವಿ.ಗೆ ಒಂದು ಮೊಳ ಹತ್ತಿರ ಹೋಗಿ ಒತ್ತಿದರೆ ಅದೇ ಬಿಸಿಲಿನಲ್ಲೂ ಕೆಲಸ ಮಾಡುವುದು ಇದಕ್ಕೇ. ಪರಿಹಾರ ಸುಲಭ: ಬಾಗಿಲಿಗೊಂದು ಪರದೆ, ಅಥವಾ ಸೆನ್ಸರ್ ಕಿಟಕಿಗೆ ಬಿಸಿಲು ಬೀಳದಂತೆ ರಟ್ಟಿನ ಸಣ್ಣ ಮರೆ. ಟಿ.ವಿ.ಯನ್ನು ಬಾಗಿಲಿನ ಎದುರು ಗೋಡೆಯಿಂದ ಪಕ್ಕದ ಗೋಡೆಗೆ ಸರಿಸಿದರೆ ಇನ್ನೂ ಒಳ್ಳೆಯದು, ಕಣ್ಣಿಗೂ ಹಿತ.

ಬಿಸಿಲಿಗಿಂತ ಕಪಟಿ ಎಂದರೆ ದೀಪಗಳು. ಸಿಎಫ್‌ಎಲ್ ಮತ್ತು ಎಲೆಕ್ಟ್ರಾನಿಕ್ ಚೋಕಿನ ಟ್ಯೂಬುಗಳ ಸರ್ಕ್ಯೂಟು ಹತ್ತಾರು ಕಿಲೋಹರ್ಟ್ಸಿನಲ್ಲಿ ನಡೆಯುತ್ತದೆ, ಕೆಲವು ನೇರ ಸೆನ್ಸರಿನ ಪಟ್ಟಿಯೊಳಗೇ ಬೀಳುತ್ತವೆ. ಕಳಪೆ ಡ್ರೈವರಿನ ಕೆಲವು ಎಲ್‌ಇಡಿ ದೀಪಗಳೂ ಹೀಗೇ ಕಾಡುತ್ತವೆ. ಬಿಸಿಲಿಗೆ ಹೊತ್ತಿದೆ, ದೀಪಕ್ಕೆ ಇಲ್ಲ. ಹಾಗಾಗಿ ‘ರಾತ್ರಿ ಮಾತ್ರ ರಿಮೋಟ್ ಹಿಡಿಯುವುದಿಲ್ಲ’ ಎಂದರೆ ಮೊದಲು ಆ ಕೋಣೆಯ ದೀಪ ಆರಿಸಿ ನೋಡಬೇಕು.

ಇನ್ನೊಂದು ಕಾರಣ ಯಾರಿಗೂ ಹೊಳೆಯುವುದಿಲ್ಲ. ದಿಂಬಿನ ಕೆಳಗೋ ಸೋಫಾದ ಸಂದಿಯಲ್ಲೋ ಸಿಕ್ಕಿಕೊಂಡ ಇನ್ನೊಂದು ರಿಮೋಟಿನ ಗುಂಡಿ ಒತ್ತಿಹೋಗಿ ಅದು ಸತತವಾಗಿ ಮಿಡಿಯುತ್ತಿದ್ದರೆ ಕೋಣೆಯ ಉಳಿದ ರಿಮೋಟುಗಳ ಮಾತು ಅದರಲ್ಲಿ ಕೊಚ್ಚಿಹೋಗುತ್ತದೆ. ಸೆಲ್ಲುಗಳು ಬೇಗ ಖಾಲಿಯಾಗುತ್ತಿದ್ದರೆ ಇದನ್ನೂ ಶಂಕಿಸಬೇಕು.

ದೋಷ ಹುಡುಕುವ ದಾರಿ

ಮೊದಲು ಮೊಬೈಲ್ ಕ್ಯಾಮೆರಾ. ಮಿನುಗು ಕಾಣದಿದ್ದರೆ ತಪ್ಪು ರಿಮೋಟಿನದು: ಸೆಲ್ಲು, ಸೆಲ್ ಸ್ಪ್ರಿಂಗಿನ ಕಿಲುಬು, ಒಡೆದ ರೆಸೊನೇಟರ್. ಉಳಿದೆಲ್ಲ ಗುಂಡಿಗೂ ಮಿನುಗಿ ಒಂದೆರಡಕ್ಕೆ ಮಾತ್ರ ಮಿನುಗದಿದ್ದರೆ ರಬ್ಬರ್ ಗುಂಡಿಯ ಅಡಿಯ ಕಾರ್ಬನ್ ಸವೆದಿದೆ ಇಲ್ಲವೇ ಜಿಡ್ಡು ಕೂತಿದೆ. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಬೋರ್ಡನ್ನೂ ರಬ್ಬರನ್ನೂ ಒರೆಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಸೆಲ್ಲು ಸೋರಿ ಸ್ಪ್ರಿಂಗು ಹಸಿರುಗಟ್ಟಿದ್ದರೆ ಕೆರೆದು ತೆಗೆದು ಹೊಳಪು ಬರುವಂತೆ ಉಜ್ಜಿ. ಮಿನುಗು ಕಂಡ ಮಾತ್ರಕ್ಕೆ ರಿಮೋಟ್ ಸರಿಯಿದೆ ಎಂದು ಹೇಳಲಾಗದು, ಬೆಳಕು ಬರುತ್ತಿದೆ ಎಂದಷ್ಟೇ ಹೇಳಬಹುದು. ಮಿಡಿತದ ವೇಗ ತಪ್ಪಿದ್ದರೆ ಕ್ಯಾಮೆರಾಕ್ಕೆ ತಿಳಿಯುವುದಿಲ್ಲ.

ರಿಮೋಟ್ ಸರಿಯೆನಿಸಿದರೆ ಟಿ.ವಿ.ಯ ಕಿಟಕಿ ನೋಡಿ. ಉಳುಮೆಯ ಕಾಲದಲ್ಲಿ ಅಜ್ಜಂಪುರ, ಶಿವನಿ ಕಡೆಯ ಬಯಲಿನ ನುಣ್ಣನೆ ಧೂಳು, ಒಲೆಯ ಹೊಗೆಯ ಜಿಡ್ಡು, ಹೊಸ ಟಿ.ವಿ.ಯ ಮೇಲೆ ತೆಗೆಯದೇ ಬಿಟ್ಟ ಅಂಟುಹಾಳೆ, ಮುಂದೆ ತಂದಿಟ್ಟ ಸೌಂಡ್ ಬಾರ್, ಇವುಗಳಲ್ಲಿ ಯಾವುದಾದರೂ ಇರಬಹುದು. ಸೆಟ್ ಟಾಪ್ ಬಾಕ್ಸನ್ನು ಟಿ.ವಿ. ಹಿಂದೆ ಅಡಗಿಸಿ, ಉದ್ದನೆ ತಂತಿಯ ತುದಿಯ ಪುಟ್ಟ ಕಣ್ಣನ್ನು ಮುಂದೆ ಅಂಟಿಸಿರುವ ಮನೆಗಳಲ್ಲಿ ಆ ತಂತಿಯ ಪಿನ್ನು ಸಡಿಲವಾಗಿರುತ್ತದೆ. ಅದನ್ನು ಕಿತ್ತು ಮತ್ತೆ ಹಾಕಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಒಳಗೆ ಹೋಗಬೇಕು. ಇಲ್ಲಿ ಒಂದು ಎಚ್ಚರಿಕೆ. ಅಡಾಪ್ಟರಿನಿಂದ ನಡೆಯುವ ಸೆಟ್ ಟಾಪ್ ಬಾಕ್ಸನ್ನು ಪ್ಲಗ್ ಕಿತ್ತು ಬಿಚ್ಚುವುದರಲ್ಲಿ ಅಪಾಯ ಕಡಿಮೆ. ಟಿ.ವಿ.ಯ ಪವರ್ ಬೋರ್ಡಿನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ನಿಂತಿರಬಹುದು. ಬಿಎಲ್‌ಡಿಸಿ ಫ್ಯಾನು ಇನ್ನೂ ಅಪಾಯ: ಹಲವು ಫ್ಯಾನುಗಳಲ್ಲಿ ಸೆನ್ಸರಿರುವ ಸರ್ಕ್ಯೂಟು ಮೇನ್ಸಿನಿಂದ ಪ್ರತ್ಯೇಕವಾಗಿರುವುದಿಲ್ಲ, ಸೆನ್ಸರಿನ ಕಾಲಿಗೆ 5 ವೋಲ್ಟೇ ಇದ್ದರೂ ಮುಟ್ಟಿದವರಿಗೆ 230 ವೋಲ್ಟಿನ ಏಟು ಬೀಳಬಹುದು. ಫ್ಯಾನಿನ ಕೆಲಸವನ್ನು ತಿಳಿದವರಿಗೆ ಬಿಡಿ. ಇದನ್ನು ಒತ್ತಿ ಹೇಳಲೇಬೇಕು.

ಮಲ್ಟಿಮೀಟರ್ ಹಿಡಿಯಬಲ್ಲವರಿಗೆ ಸೆನ್ಸರಿನ ಪರೀಕ್ಷೆ ಎರಡು ನಿಮಿಷದ್ದು. ಸಪ್ಲೈ ಕಾಲಿನಲ್ಲಿ 5 ಅಥವಾ 3.3 ವೋಲ್ಟ್ ಇರಬೇಕು. ಇಲ್ಲದಿದ್ದರೆ ಸೆನ್ಸರನ್ನು ದೂರಬೇಡಿ, ಸ್ಟ್ಯಾಂಡ್‌ಬೈ ಸಪ್ಲೈ ಬಿದ್ದಿದೆ. ಔಟ್‌ಪುಟ್ ಕಾಲಿನಲ್ಲಿ ಸುಮ್ಮನಿರುವಾಗ ಹೆಚ್ಚುಕಡಿಮೆ ಅಷ್ಟೇ ವೋಲ್ಟ್ ಇದ್ದು, ರಿಮೋಟ್ ಒತ್ತಿದಾಗ ಅಂಕಿ ಕೆಳಗಿಳಿದು ತೂಗಾಡಬೇಕು. ತೂಗಾಡಿದರೆ ಸೆನ್ಸರ್ ಸರಿಯಿದೆ, ದೋಷ ಬೋರ್ಡಿನಲ್ಲಿ. ಒತ್ತದೆಯೂ ತೂಗಾಡುತ್ತಿದ್ದರೆ ಸೆನ್ಸರನ್ನು ಅಂಗೈಯಿಂದ ಮುಚ್ಚಿ; ಸ್ಥಿರವಾದರೆ ಕೋಣೆಯ ಬೆಳಕು ಕಾರಣ, ಆಗಲೂ ನಡುಗುತ್ತಿದ್ದರೆ ಸಪ್ಲೈಯಲ್ಲಿ ಕೊಳೆ ಇದೆ. ತಯಾರಕರು ಸಪ್ಲೈ ಕಾಲಿಗೆ 100 ಓಮಿನ ರೆಸಿಸ್ಟರ್, 4.7 ಮೈಕ್ರೊಫ್ಯಾರಡಿನ ಕೆಪಾಸಿಟರ್ ಹಾಕಲು ಹೇಳುವುದು ಈ ಕೊಳೆಯನ್ನು ತಡೆಯಲು. ವರ್ಷಗಳ ಕಾವಿಗೆ ಆ ಕೆಪಾಸಿಟರ್ ಒಣಗಿ, ರಿಮೋಟ್ ಹಿಡಿಯುವ ದೂರ ಸ್ವಲ್ಪಸ್ವಲ್ಪವೇ ಕುಗ್ಗುತ್ತ ಬಂದಿರುತ್ತದೆ. ಸೆನ್ಸರ್ ಬದಲಿಸುವ ಮೊದಲು ಅದನ್ನು ಬದಲಿಸಿ ನೋಡುವುದು ಜಾಣತನ.

ಊರಿಗೆ ತಕ್ಕಂತೆ ದೋಷವೂ ಬೇರೆ. ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿ, ಲಕ್ಕವಳ್ಳಿ ಕಡೆ ಮಳೆಗಾಲದ ತೇವಕ್ಕೆ ಸೆನ್ಸರಿನ ಕಬ್ಬಿಣದಂಶದ ಕಾಲುಗಳು ಕಿಲುಬು ಹಿಡಿದು ಬೆಸುಗೆಯ ಬುಡದಲ್ಲಿ ತುಂಡಾಗುತ್ತವೆ. ಒಣ ಕಡೂರಿನಲ್ಲಿ ಆ ಕಾಟ ಕಡಿಮೆ, ಬೆಚ್ಚನೆ ಬೋರ್ಡು ಹುಡುಕಿ ಬರುವ ಇರುವೆ ಹಲ್ಲಿಗಳ ಕಾಟ ಹೆಚ್ಚು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಮೂರೂ ತಾಲ್ಲೂಕು ಒಂದೇ. ಸಿಡಿಲಿನ ಹೊತ್ತು ಪ್ಲಗ್ಗನ್ನಷ್ಟೇ ಕಿತ್ತರೆ ಸಾಲದು, ಡಿಶ್ ಅಥವಾ ಕೇಬಲ್ ತಂತಿಯನ್ನೂ ಬಿಚ್ಚಬೇಕು.

ಬದಲಿಸುವಾಗ

ವಿಶೇ ಕಂಪನಿಯ ಟಿಎಸ್‌ಒಪಿ 1738 ನಮ್ಮ ರಿಪೇರಿ ಅಂಗಡಿಗಳಲ್ಲಿ ಬಹಳ ಕಾಲ ಓಡಿದ ಸೆನ್ಸರ್. ಸಂಖ್ಯೆಯ ಕೊನೆಯ 38 ಆವೃತ್ತಿಯನ್ನು ಹೇಳುತ್ತದೆ. 1736 ಎಂದಿದ್ದರೆ 36. ಉಬ್ಬು ನಮ್ಮ ಕಡೆ ಇರುವಂತೆ ಹಿಡಿದರೆ ಅದರ ಕಾಲುಗಳು ಎಡದಿಂದ ಗ್ರೌಂಡ್, ಸಪ್ಲೈ, ಔಟ್‌ಪುಟ್. ಈಗ ಸುಲಭವಾಗಿ ಸಿಗುವ ವಿಎಸ್ 1838ಬಿ, ಟಿಎಸ್‌ಒಪಿ 4838 ಇವುಗಳಲ್ಲಿ ಕ್ರಮವೇ ಬೇರೆ: ಔಟ್‌ಪುಟ್, ಗ್ರೌಂಡ್, ಸಪ್ಲೈ. 1738ರ ಜಾಗಕ್ಕೆ 1838ನ್ನು ಹಾಗೇ ತೂರಿಸಿ ಬೆಸೆದರೆ ಗ್ರೌಂಡ್ ಕಾಲಿಗೆ ಸಪ್ಲೈ ಹೋಗಿ ಹೊಸ ಸೆನ್ಸರ್ ಬಿಸಿಯಾಗಿ ಸಾಯುತ್ತದೆ. ಕಾಲುಗಳನ್ನು ದಾಟಿಸಿ, ಒಂದಕ್ಕೊಂದು ತಾಗದಂತೆ ಸ್ಲೀವ್ ಹಾಕಿ ಬೆಸೆಯಬೇಕು. 1738ಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, ಆದ್ದರಿಂದ 3.3 ವೋಲ್ಟಿನ ಬೋರ್ಡಿಗೆ ಅದು ಆಗದು. 4838 ಎರಡಕ್ಕೂ ಆಗುತ್ತದೆ.

ಬೀರೂರು, ಕಡೂರಿನಲ್ಲಿ ಸಿಗದ ನಂಬರನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸುವುದು ರಿಪೇರಿಯವರ ರೂಢಿ. ಒಂದಕ್ಕಾಗಿ ಕಾಯುವ ಬದಲು ಹತ್ತು ಒಟ್ಟಿಗೆ ತರಿಸಿಟ್ಟುಕೊಂಡರೆ ಗಿರಾಕಿಗೂ ಅನುಕೂಲ. ತರಿಸಿದ್ದನ್ನು ಬೋರ್ಡಿಗೆ ಹಾಕುವ ಮೊದಲು ಪರೀಕ್ಷಿಸಲು ದೊಡ್ಡ ಏರ್ಪಾಡು ಬೇಡ: 5 ವೋಲ್ಟಿನ ಮೊಬೈಲ್ ಚಾರ್ಜರ್, ಒಂದು ಕೆಂಪು ಎಲ್‌ಇಡಿ, 1 ಕಿಲೋಓಮಿನ ರೆಸಿಸ್ಟರ್. ಎಲ್‌ಇಡಿ ಮತ್ತು ರೆಸಿಸ್ಟರನ್ನು ಸಾಲಾಗಿ ಸಪ್ಲೈ ಮತ್ತು ಔಟ್‌ಪುಟ್ ಕಾಲುಗಳ ನಡುವೆ ಸೇರಿಸಿ. ರಿಮೋಟ್ ಒತ್ತಿದಾಗ ಎಲ್‌ಇಡಿ ಪಟಪಟ ಮಿನುಗಿದರೆ ಸೆನ್ಸರೂ ಸರಿ, ರಿಮೋಟಿನ ಮಿಡಿತವೂ ಸರಿ. ಕ್ಯಾಮೆರಾಕ್ಕೆ ಆಗದ ಪರೀಕ್ಷೆ ಇದರಿಂದ ಆಗುತ್ತದೆ.

ಇದೇ ಸರ್ಕ್ಯೂಟನ್ನು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಾಡುವ ಮಕ್ಕಳಿಗೆ ಒಂದು ಮಾತು. ಬಾಗಿಲಿಗೆ ಅಡ್ಡಲಾಗಿ ಸದಾ ಮಿಡಿಯುವ ಅವಕೆಂಪು ಬೆಳಕು ಬಿಟ್ಟು, ಯಾರಾದರೂ ದಾಟಿದರೆ ಗಂಟೆ ಬಾರಿಸುವಂತೆ ಮಾಡಲು ಈ ಸೆನ್ಸರ್ ಬಳಸಿದರೆ ಅದು ಕ್ಷಣಮಾತ್ರ ಕೆಲಸ ಮಾಡಿ ಕಿವಿ ಮಂದವಾಗುತ್ತದೆ, ಏಕೆಂದರೆ ಬಿಡುವಿಲ್ಲದ ಮಿಡಿತ ಅದರ ಪಾಲಿಗೆ ಗದ್ದಲ. ಬೆಳಕನ್ನು ಸಣ್ಣ ಸಣ್ಣ ಕಂತುಗಳಲ್ಲಿ, ನಡುವೆ ಸಾಕಷ್ಟು ಮೌನ ಬಿಟ್ಟು ಕಳಿಸಿದರೆ ನಡೆಯುತ್ತದೆ.

ಮನೆಯ ಅಟ್ಟದಲ್ಲಿ ಕೆಟ್ಟ ಸೆಟ್ ಟಾಪ್ ಬಾಕ್ಸ್ ಇದ್ದರೆ ಗುಜರಿಗೆ ಹಾಕುವ ಮುನ್ನ ಅದರ ಸೆನ್ಸರನ್ನು ಬಿಚ್ಚಿಟ್ಟುಕೊಳ್ಳಿ. ಬಾಕ್ಸ್ ಸಾಯುವುದು ಹೆಚ್ಚಾಗಿ ಪವರ್ ಭಾಗದಿಂದ, ಸೆನ್ಸರ್ ಚೆನ್ನಾಗಿಯೇ ಉಳಿದಿರುತ್ತದೆ. ಬಿಚ್ಚುವ ಮುಂಚೆ ಯಾವ ಕಾಲು ಗ್ರೌಂಡಿಗೆ, ಯಾವುದು ಸಪ್ಲೈಗೆ ಹೋಗಿದೆ ಎಂದು ಬೋರ್ಡಿನ ಗೆರೆ ನೋಡಿ ಒಂದು ಚೀಟಿಯಲ್ಲಿ ಬರೆದು, ಸೆನ್ಸರಿನ ಜೊತೆಗೇ ಸುತ್ತಿಡಿ.